ಹದಿಮೂರನೆಯ ಬದನೆಕಾಯಿ

ಮರಿಮಗಳ ಗಣಿತದ ಹಾಳೆಯಲ್ಲಿ ‘ಉತ್ತರ ಹೇಗೆ ಬಂತು, ಬರೆದು ವಿವರಿಸಿ’ ಎಂದಿತ್ತು. ಓದಿದ್ದೇ ತಡ, ಮೂಗಿಗೆ ಬಳಪದಲ್ಲಿ ಬರೆದು ಒರೆಸಿದ ಒದ್ದೆ ಪಾಟಿಯ ವಾಸನೆ ಬಡಿಯಿತು.

ತಿಕೋಟಾದ ನಮ್ಮ ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಮಾಸ್ತರರು ತಕ್ಷಣ ಹೊಡೆಯುತ್ತಿರಲಿಲ್ಲ. ಅದು ಹೇಗೆ ಬಂತೆಂದು ಮೊದಲು ಪಾಟಿಯ ಮೇಲೆ ಬರೆಸುತ್ತಿದ್ದರು, ಆಮೇಲೆ ಹೊಡೆಯುತ್ತಿದ್ದರು.

ಸಂತೆಯಲ್ಲಿ ಜೋಳ ಕೊಟ್ಟು ಕಾಯಿಪಲ್ಯ ತರುತ್ತಿದ್ದ ಕಾಲ ಅದು. ಒಮ್ಮೆ ಕೇಳಿದರು: “ಒಂದ ಸೇರ ಜ್ವಾಳಕ್ಕ ಆರ ಬದನಿಕಾಯಿ. ಎರಡ ಸೇರಿಗೆ ಎಷ್ಟ?”

ನಾನು ಹದಿಮೂರು ಎಂದು ಬರೆದೆ.

“ಹ್ಯಾಂಗ ಬಂತಬೇ ಇದು? ಬರಿ!” ಎಂದು ಬೆತ್ತ ಎತ್ತಿಕೊಂಡರು.

ಬರೆದೆ: ‘ಹನ್ನೆರಡು ಲೆಕ್ಕದ್ದು. ಒಂದು ಕೊಸರು. ಮ್ಯಾಲ ಒಂದು ಹಾಕಲಿಲ್ಲಂದ್ರ ನಮ್ಮವ್ವ ಜ್ವಾಳಾ ವಾಪಸ್ ಸುರುವಿಕೊಂಡು ಬರ್ತಾಳ.’

ಮಾಸ್ತರರು ಓದಿದರು. ಬೆತ್ತ ಇಳಿಯಿತು, ದನಿಯೂ ಇಳಿಯಿತು.

“ನಿಮ್ಮವ್ವ ಯಾವ ಬುಟ್ಟಿಯಾಕಿ ಕಡೆ ತಗೋತಾಳ? ನಮ್ಮ ಮನಿಗೆ ಬರೇ ಹನ್ನೆರಡ ಬರ್ತಾವ.”

ಮುಂದಿನ ಸಂತೆಯಲ್ಲಿ ಮಾಸ್ತರರ ಹೆಂಡತಿ ನಮ್ಮವ್ವನ ಬೆನ್ನ ಹಿಂದೆಯೇ ನಿಂತಿದ್ದರು.

ಇವತ್ತು ಮರಿಮಗಳಿಗೂ ಅದೇ ಲೆಕ್ಕ ಕೊಟ್ಟೆ. ಹನ್ನೆರಡು ಎಂದು ಬರೆದು, ಗೆರೆ ಎಳೆದು, ಚೆಂದಾಗಿ ವಿವರಿಸಿದಳು. ಪಾಪ, ಸಂತೆ ಕಂಡವಳಲ್ಲ.