ಹೆಣ್ಣೊಪ್ಪಿಸುವ ಹಾಡಿನ ಮಾರಕ್ಕ

ನಮ್ಮ ಮಧುರೆ ಹೋಬಳಿ ಕಡೆ ಹೆಣ್ಣೊಪ್ಪಿಸುವ ಹಾಡಿಗೆ ಮಾರಕ್ಕನೇ ಬರಬೇಕು. ಎಲೆಅಡಿಕೆ ಹಾಕಿಕೊಂಡು, ಮದುಮಗಳ ಹೆಸರು ಸೇರಿಸಿ ರಾಗ ತೆಗೆದಳೆಂದರೆ ಬೀಗರೂ ಅಳುತ್ತಾರೆ, ವಿಡಿಯೋದವನೂ ಕಣ್ಣೊರೆಸಿಕೊಳ್ಳುತ್ತಾನೆ. ನನಗಂತೂ ತೀರಿಹೋದ ನಮ್ಮ ಯಜಮಾನರು ಎತ್ತಿನ ಗಾಡಿಯಲ್ಲಿ ನನ್ನನ್ನು ಕರೆತಂದ ದಿನವೇ ಕಣ್ಣಿಗೆ ಕಟ್ಟುತ್ತದೆ. ಯಾರಾದರೂ ಅಳದೆ ಕೂತಿದ್ದರೆ, “ಏನಪ್ಪಾ, ನಿಂಗೆ ಅಕ್ಕತಂಗೀರಿಲ್ವಾ?” ಎಂದು ಇನ್ನೊಂದು ನುಡಿ ಎತ್ತುತ್ತಾಳೆ. ತಾನು ಮಾತ್ರ ಅಳುವುದಿಲ್ಲ. “ನಾನೂ ಅತ್ರೆ ಹಾಡೋರ್ಯಾರೇ?” ಎನ್ನುತ್ತಾಳೆ. ಅವಳ ಮಗಳು ಭಾನುಪ್ರಿಯಾ ಹೇಳದೆ ಕೇಳದೆ ರಿಜಿಸ್ಟರ್ ಮದುವೆಯಾದವಳು. ಮೊನ್ನೆ ಮೊದಲ ಸಲ ತವರಿಗೆ ಬಂದು, ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಅವ್ವಾ, ಆ ಹಾಡು ನಂಗೂ ಹೇಳವ್ವಾ” ಎಂದಳು. ಮಾರಕ್ಕ ರಾಗ ತೆಗೆದಳು, ಮಗಳ ಹೆಸರು ಬರುವಲ್ಲಿಗೆ ನಿಲ್ಲಿಸಿಬಿಟ್ಟಳು. ಮಗಳ ಕೈಯಿಂದ ಬ್ಯಾಗು ಕಿತ್ತುಕೊಂಡು, “ನಾಳೆ ಹೋಗೀವಂತೆ, ಒಳಿಕ್ ಬಾರೇ” ಎಂದಳು.