ಗುಬ್ಬಿಗೆ ಕೆಲಸ ಹುಡುಕಿದ ಹೊಲಿಗೆ ಟೀಚರು

ಹೊಲಿಗೆ ಟೀಚರು ಗದರುವುದಕ್ಕೆ ಹೆಸರುವಾಸಿ. ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆಂದೇ ಇದ್ದ ಆ ಶಾಲೆಯಲ್ಲಿ ಉಳಿದವರೆಲ್ಲ ಮಕ್ಕಳನ್ನು ಚಿನ್ನ, ಬಂಗಾರ ಎಂದು ಮುದ್ದು ಮಾಡುತ್ತಿದ್ದರೆ, ಇವರು ಮಾತ್ರ, "ದಾರ ಹಲ್ಲಲ್ಲಿ ಕಚ್ಬೇಡ, ಕತ್ತರಿ ಇಟ್ಟಿರೋದು ಚಂದಕ್ಕಾ?" ಎಂದು ಗುಡುಗುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ತಮ್ಮನ್ನು 'ಸೂಜಿ' ಎನ್ನುತ್ತಾರೆಂಬುದು ಅವರಿಗೂ ಗೊತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಪುರುಸೊತ್ತಾಗ್ಲಿಲ್ಲ" ಎಂದು ಮಾತು ಮುಗಿಸುತ್ತಿದ್ದರು. ಆದರೂ ಮಕ್ಕಳಿಗೆ ಅವರ ಕೋಣೆಯೆಂದರೇ ಇಷ್ಟ. ಅಲ್ಲಿ ಕೂತು ಅಳುವಷ್ಟು ಬಿಡುವು ಯಾರಿಗೂ ಸಿಗುತ್ತಿರಲಿಲ್ಲ.

ಆ ಕೋಣೆಯಲ್ಲಿ ಬಹಳ ವರ್ಷ ಕೂತವಳು ಗುಬ್ಬಿ. ಶಾಲೆಗೆ ಸೇರಿದಾಗ ಅಂಗೈಯಗಲದ ಮಗು ಎಂದು ಯಾರೋ ಇಟ್ಟ ಹೆಸರು. ಈಗ ಬಾಗಿಲು ತುಂಬುವ ಮೈಕಟ್ಟಿನ ಹುಡುಗಿ. ಹೆಸರು ಮಾತ್ರ ಬೆಳೆಯದೆ ಹಾಗೇ ಉಳಿದಿತ್ತು. ಮಾತು ತಡವರಿಸುತ್ತಿತ್ತು, ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಕರವಸ್ತ್ರದ ಅಂಚನ್ನು ಮಾತ್ರ ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ಹೊಲಿಯುತ್ತಿದ್ದಳು. ಶಾಲೆಯ ಪ್ರದರ್ಶನಕ್ಕೆ ಬಂದ ದೊಡ್ಡ ಮನುಷ್ಯರು ಅದನ್ನು ಎತ್ತಿ ನೋಡಿ, ಲೊಚಗುಟ್ಟಿ, ಇದ್ದಲ್ಲೇ ಇಟ್ಟು ಮುಂದೆ ಹೋಗುತ್ತಿದ್ದರು.

ಹದಿನೆಂಟು ತುಂಬಿದವರಿಗೆ ಆ ಶಾಲೆಯಲ್ಲಿ ಜಾಗವಿರಲಿಲ್ಲ. ಗುಬ್ಬಿಗೂ ಎಲ್ಲರಂತೆ ಹೂ ಕೊಟ್ಟು, ಫೋಟೋ ತೆಗೆದು, ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು. ಮರುದಿನ ಬೆಳಿಗ್ಗೆ ಅವಳು ಸಮವಸ್ತ್ರ ತೊಟ್ಟು, ಚೀಲ ಏರಿಸಿಕೊಂಡು ಗೇಟಿನ ಮುಂದೆ ನಿಂತಿದ್ದಳು.

"ನಿಂದು ಮುಗೀತಲ್ಲಮ್ಮ," ಎಂದ ಕಾವಲುಗಾರ.

"ಏನ್ ಮುಗೀತು?" ಎಂದು ಕೇಳಿದಳು ಗುಬ್ಬಿ.

ಅವನು ತಲೆ ಕೆರೆದುಕೊಂಡು ಒಳಗೆ ಹೋಗಿ ಹೆಡ್‌ಮಿಸ್ಸಿಗೆ ಹೇಳಿದ. ಅವರೇನು ಕೆಟ್ಟವರಲ್ಲ. "ಇವತ್ತು ಇವಳನ್ನ ಒಳಗೆ ಬಿಟ್ರೆ ನಾಳೆ ಹಳಬರೆಲ್ಲ ಬಂದು ನಿಲ್ತಾರೆ. ಹೊಸ ಮಕ್ಕಳನ್ನ ಎಲ್ಲಿ ಕೂರಿಸ್ಲಿ?" ಎಂದು ಹೊಲಿಗೆ ಟೀಚರನ್ನು ಕರೆದು, "ನೀವೇ ಹೋಗಿ ಮನೆ ತಲುಪಿಸಿ ಬನ್ನಿ," ಎಂದರು.

ಮನೆ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಗುಬ್ಬಿಯ ಅಮ್ಮ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು. ಗಂಡ ಬಿಟ್ಟುಹೋಗಿ ಯಾವ ಕಾಲವೋ ಆಗಿತ್ತು. ಮಗಳನ್ನು ಹುಡುಕಲು ಹೊರಟವಳು ಮೆಟ್ಟಿಲಲ್ಲೇ ಎದುರಾದಳು. "ಮುಖ ತೊಳ್ಕೊಂಡು ಬರೋದ್ರೊಳಗೆ ಮಾಯ ಆಗಿದ್ಲು!" ಎಂದು ಮಗಳ ರಟ್ಟೆ ಹಿಡಿದು ಒಳಗೆ ದಬ್ಬಿ, ಬಾಗಿಲೆಳೆದು ಹೊರಗಿನಿಂದ ಬೀಗ ಜಡಿದಳು.

"ಬೀಗ ಹಾಕ್ತೀರಾ?" ಎಂದರು ಟೀಚರು.

"ಇನ್ನೇನ್ ಮಾಡ್ಲಿ? ಕೆಲಸ ಬಿಟ್ಟು ಕೂತ್ರೆ ಇಬ್ರೂ ಉಪವಾಸ. ತೆರೆದಿಟ್ಟು ಹೋಗೋಣ ಅಂದ್ರೆ ವಯಸ್ಸಿಗೆ ಬಂದ ಹುಡುಗಿ. ಯಾರು ಕರೆದ್ರೂ ನಕ್ಕೊಂಡು ಹಿಂದೆ ಹೋಗ್ತಾಳೆ. ಇನ್ನೂ ಬಿಡಿಸಿ ಹೇಳ್ಬೇಕಾ?"

ಒಳಗಿನಿಂದ ಬಾಗಿಲು ತಟ್ಟುವ ಸದ್ದಾಯಿತು. ಜೋರಾಗಿಯಲ್ಲ. ತರಗತಿಯೊಳಗೆ ಬರುವ ಮುಂಚೆ ಹೇಗೆ ತಟ್ಟಬೇಕೆಂದು ಟೀಚರೇ ಕಲಿಸಿದ್ದರೋ ಹಾಗೆ.

"ಬರ್ಲಾ ಟೀಚರ್?"

ಟೀಚರು ಮೆಟ್ಟಿಲಿಳಿದರು.

ಆಮೇಲೆ ಅವರಿಗೆ ನೆಮ್ಮದಿ ಎಂಬುದು ಹಾರಿಹೋಯಿತು. ಚಪ್ಪಾಳೆ ತಟ್ಟಿ ಕಳಿಸಿದ ಹಿಂದಿನವರೆಲ್ಲ ಏನಾದರು? ರಜೆಯ ದಿನಗಳಲ್ಲಿ ವಿಳಾಸ ಹುಡುಕಿಕೊಂಡು ಹೊರಟರು. ಒಬ್ಬಳು ನಡುಮಧ್ಯಾಹ್ನ ಟಿವಿಯ ಮುಂದೆ ನಿದ್ದೆ ಹೋಗಿದ್ದಳು. ಶಾಲೆಯಲ್ಲಿ ಅಷ್ಟು ವಾಚಾಳಿಯಾಗಿದ್ದ ಒಬ್ಬ, ಇವರನ್ನು ಕಂಡದ್ದೇ ಮಂಚದ ಕೆಳಗೆ ತೂರಿಕೊಂಡ. "ಜನ ನೋಡಿ ಅಭ್ಯಾಸ ತಪ್ಪಿದೆ," ಎಂದ ಅವನ ಅಣ್ಣ, ಕ್ಷಮೆ ಕೇಳುವವನಂತೆ. ಅಂಚು ಹೊಲಿಯಲು ಕಲಿಸಿ ಕಳಿಸಿದ್ದಾಯಿತು, ರಸ್ತೆ ದಾಟುವುದನ್ನು ಯಾರೂ ಕಲಿಸಿರಲಿಲ್ಲ.

ಟೀಚರು ಕೆಲಸ ಹುಡುಕಲು ನಿಂತರು. ಸಿದ್ಧ ಉಡುಪಿನ ಕಾರ್ಖಾನೆಯವನು ಕೈಮುಗಿದ. ಅಚ್ಚುಕೂಟದವನು, "ನಿಮ್ಮ ಸೇವೆ ದೊಡ್ಡದು ಮೇಡಂ," ಎಂದು ಕಾಫಿ ಕುಡಿಸಿ ಸಾಗಹಾಕಿದ. ಕೊನೆಗೆ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯ ಮೇಲ್ವಿಚಾರಕ ಮಾತಿಗೆ ಸಿಕ್ಕಿದ. ಅವನ ಬಳಿ ಚಾದರ ಮಡಿಸುವವರು ನಿಲ್ಲುತ್ತಿರಲಿಲ್ಲ.

"ಯಂತ್ರಕ್ಕೆ ಕೈ ಕೊಟ್ರೆ?" ಎಂದ.

"ಯಂತ್ರದ ಹತ್ರ ಬಿಡ್ಬೇಡಿ. ಮೇಜಿನ ಹತ್ರ ನಿಲ್ಲಿಸಿ."

"ಅತ್ರೆ?"

"ನಿಮ್ಮಲ್ಲಿ ಬೇರೆ ಯಾರೂ ಅಳಲ್ವಾ?"

ಅವನಿಗೆ ನಗು ಬಂತು. "ಅಳ್ತಾರೆ, ಸಂಬಳದ ದಿನ," ಎಂದು ಒಪ್ಪಿಕೊಂಡ. ಗುಬ್ಬಿಯ ಅಮ್ಮನನ್ನು ಒಪ್ಪಿಸಲು ಇನ್ನೂ ಹೆಚ್ಚು ಹೆಣಗಬೇಕಾಯಿತು. ಹೋಗಿ ಬರುವಾಗ ತಾವೇ ಜೊತೆಗಿರುವುದಾಗಿ ಟೀಚರು ಮಾತು ಕೊಟ್ಟ ಮೇಲಷ್ಟೇ ಆಕೆ ಹೂಂ ಎಂದದ್ದು.

ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಹಬೆ, ಸೋಪಿನ ಘಾಟು, ಯಂತ್ರಗಳ ಗುಂಯ್ಗುಡುವಿಕೆ. ಟೀಚರು ತಮ್ಮ ಬೇಸಿಗೆ ರಜೆಯನ್ನೆಲ್ಲ ಅಲ್ಲಿಗೆ ಸುರಿದರು. ಮೂಲೆಗೆ ಮೂಲೆ ಕೂಡಿಸುವುದನ್ನು ಗುಬ್ಬಿ ಬೇಗ ಕಲಿತಳು. ಆದರೆ ಪ್ರತಿ ಮಡಿಕೆಗೂ ತಲೆಯೆತ್ತಿ ಟೀಚರ ಮುಖ ನೋಡುವಳು. ಅವರು ತಲೆಯಾಡಿಸಿದರಷ್ಟೇ ಮುಂದಿನ ಮಡಿಕೆ. ತಾವಿರುವವರೆಗೆ ಇದು ಹೀಗೇ ಎಂದು ಅರ್ಥವಾಗಿ ಟೀಚರು ಒಂದು ಬೆಳಿಗ್ಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಇಣುಕಿದರೆ, ಗುಬ್ಬಿ ಅರ್ಧ ಮಡಿಸಿದ ಚಾದರ ಹಿಡಿದು ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಓಡಿಹೋಗಿ ಕೈ ಹಿಡಿಯಬೇಕೆನಿಸಿತು. ಹಲ್ಲು ಕಚ್ಚಿ ಮತ್ತೆ ಹೋಗಿ ಕೂತರು. ಊಟದ ಗಂಟೆಯ ಹೊತ್ತಿಗೆ ಮೇಲ್ವಿಚಾರಕ ಬಂದು, "ನಾಲ್ಕು ಚಾದರ ಆದ್ರೂ ಆಯ್ತು, ಬಿಡಿ," ಎಂದ. ರಜೆ ಮುಗಿಯುವಷ್ಟರಲ್ಲಿ ಗುಬ್ಬಿ ತಲೆಯೆತ್ತದೆ ಮಡಿಸುವಂತಾದಳು. ಬಸ್ಸನ್ನೂ ಕಲಿತಳು: ನೀರಿನ ಟ್ಯಾಂಕು ಕಂಡರೆ ಏಳಬೇಕು, ಔಷಧಿ ಅಂಗಡಿ ಕಂಡರೆ ಇಳಿಯಬೇಕು.

ಅವಳು ಒಬ್ಬಳೇ ಓಡಾಡತೊಡಗಿದ ಕೆಲವೇ ವಾರಗಳಲ್ಲಿ ಒಂದು ಸಂಜೆ ಮನೆಗೆ ಬರಲಿಲ್ಲ.

ಅಮ್ಮನ ಫೋನು ಬಂದಾಗ ಟೀಚರು ಸಂತೆಚೀಲ ಹಿಡಿದು ಬೀದಿಯಲ್ಲಿದ್ದರು. ಚೀಲವನ್ನು ಯಾವುದೋ ಅಂಗಡಿಯಲ್ಲಿ ಬಿಟ್ಟು ಓಡಿದರು. ಲಾಂಡ್ರಿಯಲ್ಲಿಲ್ಲ, ನಿಲ್ದಾಣದಲ್ಲಿಲ್ಲ. ಪೊಲೀಸು ಠಾಣೆಯ ಬೆಂಚಿನ ಮೇಲೆ ಅಮ್ಮ ಇವರ ಕಡೆ ತಿರುಗಿ, "ಬೀಗ ಹಾಕಿದ್ರೆ ಇರ್ತಿದ್ಲು," ಎಂದಳು. ಅಷ್ಟೇ. ಬೈದಿದ್ದರೆ ಟೀಚರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ದೀಪ ಹತ್ತುವ ವೇಳೆಗೆ ಬಸ್ ಡಿಪೋದಿಂದ ಸುದ್ದಿ ಬಂತು. ರಸ್ತೆ ಅಗೆದಿದ್ದಾರೆಂದು ಬಸ್ಸು ಸುತ್ತಿಕೊಂಡು ಬೇರೆ ದಾರಿ ಹಿಡಿದಿತ್ತು. ಟ್ಯಾಂಕು ಕಾಣಲಿಲ್ಲ, ಗುಬ್ಬಿ ಏಳಲಿಲ್ಲ. ಖಾಲಿ ಬಸ್ಸಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು. ಅಮ್ಮ ಹತ್ತಿ ಬಂದದ್ದೇ ಗುಬ್ಬಿ ಸಿಟ್ಟಿನಿಂದ, "ಬಸ್ಸು ತಪ್ಪು ಮಾಡ್ತು. ನಾನಲ್ಲ," ಎಂದಳು. ಕಂಡಕ್ಟರು ಮುಖ ಆಚೆ ತಿರುಗಿಸಿಕೊಂಡ.

ಬೀಗ ಮತ್ತೆ ಬಿತ್ತು. ಟೀಚರಿಗೆ ಆ ಮೆಟ್ಟಿಲು ಹತ್ತುವ ಧೈರ್ಯವಾಗಲಿಲ್ಲ. ಕೋಣೆಯಲ್ಲಿ ಮಕ್ಕಳನ್ನು ಗದರುವುದನ್ನೂ ಮರೆತರು, ಮಕ್ಕಳು ಗಾಬರಿಯಾದರು. ಯಾರದೋ ಮಗಳನ್ನು ಇಟ್ಟುಕೊಂಡು ಆಟ ಆಡಿದೆನೇ ಎಂದು ತಮ್ಮನ್ನೇ ಕೇಳಿಕೊಂಡರು.

ಮಳೆ ಹಿಡಿದ ಒಂದು ದಿನ ಗುಬ್ಬಿಯ ಅಮ್ಮನೇ ಶಾಲೆಗೆ ಬಂದಳು. ಕೂರಿ ಎಂದರೂ ಕೂರದೆ ಜಗಳಕ್ಕೆ ನಿಂತಳು. "ಏನ್ ಮಾಡಿಟ್ರಿ ನನ್ ಮಗಳನ್ನ? ಹೊತ್ತಾರೆಯಿಂದ ಮನೇಲಿರೋ ಬಟ್ಟೆನೆಲ್ಲ ಎಳೆದು ಮಡಿಸ್ತಾಳೆ, ಬಿಚ್ತಾಳೆ, ಮತ್ತೆ ಮಡಿಸ್ತಾಳೆ. ನಾ ಮಲಗಿದ್ರೆ ಹಾಸಿರೋ ಚಾದರಾನೂ ಎಳೀತಾಳೆ. ಏಳಮ್ಮ, ಕೆಲಸ ಇದೆ ಅಂತಾಳೆ! ಊಟ ಬಿಟ್ಟಿದ್ದಾಳೆ. ಮುಂಚೆ ಟಿವಿ ಹಾಕಿ ಹೋದ್ರೆ ತೆಪ್ಪಗಿರ್ತಿದ್ಲು." ಮಾತು ಅಲ್ಲಿಗೆ ನಿಂತು, ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ಆ ಲಾಂಡ್ರಿಯವನು ಇನ್ನೂ ಸೇರಿಸ್ಕೊತಾನಾ?"

ಸೇರಿಸಿಕೊಂಡ. ಈ ಸಲ ಟೀಚರು ಹೊಸದೊಂದು ಪಾಠ ಹಿಡಿದರು. ಬೇಕೆಂದೇ ಗುಬ್ಬಿಯನ್ನು ತಪ್ಪು ಬಸ್ಸಿಗೆ ಹತ್ತಿಸಿ, ತಾವು ಹಿಂದಿನ ಸೀಟಿನಲ್ಲಿ ಅಪರಿಚಿತರಂತೆ ಕೂತು, ಅವಳು ಕಂಡಕ್ಟರನ್ನು ಕೇಳುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಮೊದಲ ದಿನ ಗುಬ್ಬಿ ಕೇಳಲೇ ಇಲ್ಲ, ಸುಮ್ಮನೆ ಅತ್ತಳು. ಟೀಚರೂ ಅತ್ತರು, ಕಿಟಕಿಯ ಕಡೆ ಮುಖ ಮಾಡಿ. ಆದರೆ ಬಿಡಲಿಲ್ಲ. ದಾರಿ ತಪ್ಪದಿರುವುದನ್ನಲ್ಲ, ತಪ್ಪಿದಾಗ ಬಾಯಿ ಬಿಡುವುದನ್ನು ಅವಳು ಕಲಿಯಬೇಕಿತ್ತು. ಕೊನೆಗೂ ಕಲಿತಳು.

ಲಾಂಡ್ರಿಯ ಕೆಲಸ ಒಂದೂವರೆ ವರ್ಷ ನಡೆಯಿತು. ಆಮೇಲೆ ಆಸ್ಪತ್ರೆಯವರು ಬಟ್ಟೆ ಒಗೆಯುವುದನ್ನು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟುಬಿಟ್ಟರು. ಟೀಚರು ಓಡಿಹೋಗಿ ನೋಡಿದರೆ, ನೆಲಮಾಳಿಗೆಯ ಹೊರಗೆ ಕೆಲಸಗಾರರೆಲ್ಲ ಗುಂಪುಗಟ್ಟಿ ಆಡಳಿತದವರಿಗೆ ಶಾಪ ಹಾಕುತ್ತಿದ್ದರು. ನಡುವೆ ಗುಬ್ಬಿ, ಸೊಂಟಕ್ಕೆ ಕೈಕೊಟ್ಟು, ಎಲ್ಲರಿಗಿಂತ ಜೋರಾಗಿ. ಎಲ್ಲರ ಜೊತೆ ಕೆಲಸ ಕಳೆದುಕೊಂಡಿದ್ದಾಳೆ, ಎಲ್ಲರ ಹಾಗೆ ಬೈಯುತ್ತಿದ್ದಾಳೆ ಎಂದು ಟೀಚರಿಗೆ ಒಂದು ಗಳಿಗೆ ವಿಚಿತ್ರವಾದ ಹೆಮ್ಮೆಯಾಯಿತು. ಆ ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ. ಗುತ್ತಿಗೆದಾರ ಉಳಿದವರಲ್ಲಿ ಬಹಳಷ್ಟು ಜನರನ್ನು ಕರೆಸಿಕೊಂಡ. ಗುಬ್ಬಿಯ ಮುಖ ನೋಡಿದವನೇ, "ಇದೆಲ್ಲ ನಮ್ಗಾಗಲ್ಲ," ಎಂದ. ಅವಳು ಮಡಿಸಿದ್ದನ್ನು ನೋಡುವ ಗೋಜಿಗೂ ಹೋಗಲಿಲ್ಲ.

ಟೀಚರಿಗೆ ಅಷ್ಟು ಹೊತ್ತಿಗೆ ನಿವೃತ್ತಿಯಾಗಿತ್ತು, ಮಂಡಿ ಹಿಡಿದುಕೊಂಡಿತ್ತು. ಆದರೂ ಇಬ್ಬರೂ ಮತ್ತೆ ಬಾಗಿಲು ಬಾಗಿಲು ಅಲೆದರು. ಈಗ ಗುಬ್ಬಿ ವಿದ್ಯಾರ್ಥಿನಿಲಯವೊಂದರಲ್ಲಿ ಬೆಳಗಿನ ಹೊತ್ತು ಮಾತ್ರ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಕೆಲಸ ಗಟ್ಟಿಯಿಲ್ಲ; ರಜೆ ಬಂದಾಗಲೆಲ್ಲ, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಅಮ್ಮನ ಎದೆ ಹೊಡೆದುಕೊಳ್ಳುತ್ತದೆ. "ನಾ ಹೋದ್ಮೇಲೆ ಇವಳ ಗತಿ?" ಎಂದು ಆಕೆ ಆಗಾಗ ಕೇಳುತ್ತಾಳೆ. ಟೀಚರು ಸುಳ್ಳು ಸಮಾಧಾನ ಹೇಳುವವರಲ್ಲ.

ಮಂಚದ ಕೆಳಗೆ ತೂರಿಕೊಂಡಿದ್ದ ಹುಡುಗನ ಮನೆಗೆ ಅವರು ಈಗ ವಾರಕ್ಕೊಮ್ಮೆ ಹೋಗುತ್ತಾರೆ. ಅವನು ಬಾಗಿಲವರೆಗೆ ಬರುತ್ತಾನೆ. ಹೊಸ್ತಿಲು ದಾಟಲು ಇನ್ನೂ ಒಪ್ಪಿಲ್ಲ. ಟೀಚರು ಹೊರಗೆ ಮಣೆ ಹಾಕಿಕೊಂಡು, ನೋಯುವ ಮಂಡಿಯನ್ನು ನೀವುತ್ತ, ಅವನನ್ನು ಗದರುತ್ತ ಕೂತಿರುತ್ತಾರೆ.