ಮೇಸ್ತ್ರಿ ಮುಚ್ಚಿದ ಸಂದು

ಹೆಂಗಸಿನ ಹೊಟ್ಟೆಕಿಚ್ಚಿಗೆಂದು ನಮ್ಮ ಮಾತಿನಲ್ಲಿ ‘ಸವತಿಮತ್ಸರ’ ಎಂಬ ಪದ ಎತ್ತಿಟ್ಟಿದ್ದಾರೆ. ಗಂಡಸಿನದಕ್ಕೆ ಏನೂ ಇಟ್ಟಿಲ್ಲ. ಗಂಡಸಿಗೆ ಅದು ಬರುವುದೇ ಇಲ್ಲವೇನೋ ಎಂಬಂತೆ. ಗಾರೆ ಮೇಸ್ತ್ರಿಯನ್ನು ಒಂದು ಮಾತು ಕೇಳಬೇಕಿತ್ತು. ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡು ಸಂಜೆ ಮನೆಗೆ ಬಂದಾಗ ಅವನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಹಸಿವಲ್ಲ. ಹೆಂಡತಿ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಬೆನ್ನು ಅವನ ಕಡೆ, ಕಣ್ಣು ಎದುರಿನ ಗೋದಾಮಿನ ಕಡೆ. ಅದರ ಸೂರಿನ ಕೆಳಗೆ ಗೋಡೆಯಲ್ಲೊಂದು ಸಂದು. ಸಂದಿನೊಳಗೆ ಬಾವಲಿಗಳ ಸಂಸಾರ.

“ಚಹಾ ಇದೆಯಾ?”

“ಷ್! ನೂರ ಹನ್ನೊಂದು, ನೂರ ಹನ್ನೆರಡು... ಒಲೆ ಮೇಲಿದೆ, ಬಗ್ಗಿಸ್ಕೊಳ್ಳಿ. ನೂರ ಹದಿಮೂರು.”

ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನಿಗೆ ‘ಷ್’ ಅಂದವಳಲ್ಲ.

ಶುರುವಾದದ್ದು ಅವಳು ಅಂಗಿಗೆ ಗುಂಡಿ ಹೊಲಿಯುವ ಕಾರ್ಖಾನೆಯಲ್ಲಿ. ಯಂತ್ರಗಳ ನಡುವೆ ಒಂದು ಬಾವಲಿ ಬಿತ್ತು. ಹೆಂಗಸರು ತಲೆ ಮುಚ್ಚಿಕೊಂಡು ಬೆಂಚು ಹತ್ತಿದರು, ಸೂಪರ್‌ವೈಸರ್ ಪೊರಕೆ ಹುಡುಕಿದ. ಊರಿನ ಸೊಳ್ಳೆಯ ಜೊತೆಗೆ ಊರಿನ ಬೈಗುಳವನ್ನೂ ನುಂಗಿಕೊಂಡು ಬದುಕುವ ಪ್ರಾಣಿಗೆ ನಾವು ಕೊಡುವ ಮರ್ಯಾದೆ ಅದು. ಇವಳು ಅರ್ಧ ಹೊಲಿದ ಅಂಗಿತೋಳಿನಲ್ಲಿ ಅದನ್ನು ಸುತ್ತಿ, ಹೊರಗಿನ ಗೋಡೆಗೆ ಹತ್ತಿಸಿ ಬಂದಳು. ಅಂದು ಮನೆಗೆ ಬಂದಾಗ ಅವಳ ಮುಖದಲ್ಲಿ ಮೇಸ್ತ್ರಿ ಎಂದೂ ಕಾಣದ ಬೆಳಕಿತ್ತು.

“ಅದು ರೆಕ್ಕೆ ಅಲ್ಲ ರೀ, ಕೈ! ಐದು ಬೆರಳಿದೆ.”

“ಐದು ಬೆರಳು ನನಗೂ ಇದೆ,” ಅಂದ ಮೇಸ್ತ್ರಿ. ಅವಳು ನಕ್ಕಳು, ಅವನ ಕೈ ಮಾತ್ರ ನೋಡಲಿಲ್ಲ.

ಆಮೇಲೆ ಎದುರಿನ ಗೋದಾಮಿನ ಬಾವಲಿಗಳನ್ನು ಎಣಿಸಿ ಬರೆಯಲು ಒಂದು ನೋಟ್‌ಬುಕ್ಕು ಬಂತು. ಅವನ ಅವ್ವ ಸುಮ್ಮನಿರುವ ಪೈಕಿಯಲ್ಲ. “ನಿನ್ನ ಹೆಂಡತಿ ಕಿಟಕಿಗೆ ಮನಸೋತಿದ್ದಾಳೆ ಕಣೋ. ನೀನೂ ತಲೆಕೆಳಗಾಗಿ ನೇತಾಡು, ಆಗಲಾದ್ರೂ ತಿರುಗಿ ನೋಡ್ತಾಳೇನೋ!”

“ಇವರು ನೇತಾಡಿದ್ರೆ ಸೂರೇ ಕಿತ್ಕೊಂಡು ಬರತ್ತೆ, ಅತ್ತೆ.”

ಮೇಸ್ತ್ರಿಯೂ ನಕ್ಕ, ಬರೀ ಹಲ್ಲಿನಲ್ಲಿ. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ನೋಟ್‌ಬುಕ್ಕು ತೆರೆದ. ಹೊರಟ ಹೊತ್ತು, ಎಣಿಕೆ, ಗಾಳಿ, ಮೋಡ. ತನಗೆ ಜ್ವರ ಬಂದು ಮಲಗಿದ ವಾರವನ್ನು ಹುಡುಕಿದ. ಆ ವಾರವೂ ಬಾವಲಿಗಳೇ.

ಸಂಜೆ ತಡೆಯಲಾರದೆ ಕೇಳಿಬಿಟ್ಟ: “ನಾನೇನು ಕಡಿಮೆ ಮಾಡಿದೆ ನಿನಗೆ?”

“ಏನೂ ಇಲ್ಲ. ಮಗಳಾದೆ, ಹೆಂಡತಿ ಆದೆ, ಸೊಸೆ ಆದೆ. ಈ ಕಿಟಕೀಲಿ ನಿಂತಾಗ ಮಾತ್ರ ನಾನು ಯಾರಿಗೂ ಏನೂ ಅಲ್ಲ. ಬರೀ ನಾನು.”

ಒಬ್ಬಳು ತನ್ನನ್ನು ತಾನು ಕಂಡುಕೊಂಡೆ ಎಂದು ಹೇಳಿದರೆ ಗಂಡನಾದವನಿಗೆ ಕೇಳಿಸುವುದು ಒಂದೇ: ನೀನಿಲ್ಲದ ಕಡೆ ನಾನು ಸುಖವಾಗಿದ್ದೇನೆ. ಅಂದಿನಿಂದ ಊಟದ ಹೊತ್ತಿನಲ್ಲಿ ಅವಳು ಬಾವಲಿಗಳ ಸುದ್ದಿ ತೆಗೆದಾಗಲೆಲ್ಲ ಅವನು ತಟ್ಟೆ ನೋಡುತ್ತ ‘ಹೂಂ’ ಅನ್ನುತ್ತಿದ್ದ. ಒಂದು ದಿನ ಅವಳು ಕೈ ತೊಳೆಯುವುದನ್ನೂ ಮರೆತು ಏನೋ ಹೇಳಿದಳು. ಅದಕ್ಕೂ ಹೂಂ.

ಗೋದಾಮಿನ ಒಡೆಯ ದಾರಿಯಲ್ಲಿ ಸಿಕ್ಕು, “ಆ ಸಂದು ಬಿಡುವಾದಾಗ ಮುಚ್ಚಿಕೊಡು ಮೇಸ್ತ್ರಿ, ವಾಸನೆ,” ಅಂದ. ಮೇಸ್ತ್ರಿಗೆ ಮರುದಿನವೇ ಬಿಡುವಾಯಿತು. ಹೆಂಡತಿಗೆ ಅಂದು ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸವಿತ್ತು. ಸಂಜೆ ಏಣಿ ಹಾಕಿ ಕಾದ. ಕಪ್ಪು ಚುಕ್ಕೆಗಳು ಹೊರಬಿದ್ದು, ಮುಗಿದು, ಮತ್ತೊಂದೂ ಬಾರದಿದ್ದಾಗ ಇಟ್ಟಿಗೆ ಚೂರು ತುರುಕಿ, ಗಾರೆ ಮೆತ್ತಿ, ಕರಣೆಯಿಂದ ನಯವಾಗಿ ಎಳೆದ. ತಾನು ಯಾರನ್ನೂ ಕೊಂದಿಲ್ಲ, ಬಾಗಿಲು ಹಾಕಿದ್ದಷ್ಟೇ ಅಂದುಕೊಂಡ. ಲೋಕದ ಅರ್ಧ ಅನ್ಯಾಯ ಹೀಗೆ ಬಾಗಿಲು ಹಾಕುವವರಿಂದಲೇ ಆಗುತ್ತದೆ. ಅವರ ಕೈಗೆ ರಕ್ತ ಹತ್ತಿರುವುದಿಲ್ಲ.

ಅವಳು ಬಂದವಳೇ ಕಿಟಕಿಗೆ ಹೋದಳು. ಬೀದಿದೀಪದ ಬೆಳಕಿನಲ್ಲಿ ಬಾವಲಿಗಳು ಗೋಡೆಗೆ ಬಂದು ಬಂದು ಬಡಿಯುತ್ತಿದ್ದವು.

“ಸಂದೆಲ್ಲಿ? ಏನು ಮಾಡಿದ್ರಿ?”

“ಒಳಗೆ ಒಂದೂ ಇಲ್ಲ. ಎಲ್ಲಾ ಹೋದ ಮೇಲೇ...”

“ಮರಿಗಳು! ಹಾರೋಕೆ ಬರದ ಮರಿಗಳನ್ನ ಒಳಗೇ ಬಿಟ್ಟು ತಾಯಂದಿರು ಹೋಗ್ತವೆ, ಹಾಲು ಕೊಡೋಕೆ ವಾಪಸ್ ಬರ್ತವೆ ಅಂತ ಹೇಳಿದ್ದೆನಲ್ಲ? ಇಲ್ಲೇ ಕೂತು ಹೇಳಿದ್ದೆ. ಹೂಂ ಅಂದ್ರಿ ನೀವು!”

ಹೂಂ ಅಂದದ್ದು ನೆನಪಿತ್ತು. ಯಾವ ಮಾತಿಗೆ ಅಂದದ್ದೆಂಬುದು ನೆನಪಿರಲಿಲ್ಲ.

ಏಣಿ ಮತ್ತೆ ಗೋಡೆಗೆ ಬಿತ್ತು. ಹಸಿ ಗಾರೆಗೆ ಕಿವಿ ಹಚ್ಚಿದ. ಒಳಗೆ ಸೂಜಿ ಮೊನೆಯಂಥ ಚೀರಾಟ. ಕರಣೆ ಬಿಸಾಕಿ ಬೆರಳಿನಿಂದಲೇ ಕಿತ್ತ, ಉಗುರು ಸೀಳಿತು. ಸಂದು ಬಾಯಿ ಬಿಟ್ಟದ್ದೇ ತಡ, ತಾಯಿ ಬಾವಲಿಗಳು ಅವನ ಕೆನ್ನೆಯ ಪಕ್ಕದಲ್ಲೇ ಗಾಳಿ ಬೀಸಿ ಒಂದೊಂದಾಗಿ ನುಗ್ಗಿದವು. ಒಂದೂ ಅವನನ್ನು ಮುಟ್ಟಲಿಲ್ಲ. ಕತ್ತಲಲ್ಲಿ ದನಿ ಹಿಡಿದು ತಮ್ಮ ತಮ್ಮ ಮರಿ ಗುರುತಿಸಿದವೇನೋ, ಚೀರಾಟ ಒಂದೊಂದಾಗಿ ನಿಂತಿತು. ಅಷ್ಟಾದರೂ ಮೇಸ್ತ್ರಿಗೆ ಹೊಟ್ಟೆಯುರಿಯಿತು: ದನಿ ಕೇಳಿದ ಕೂಡಲೇ ಹೀಗೆ ಓಡಿಬರುವವರು ತನಗೆ ಯಾರಿದ್ದಾರೆ? ಮರುಕ್ಷಣವೇ ಇನ್ನೊಂದು ಪ್ರಶ್ನೆ ಬಂತು: ತಾನು ಯಾರ ದನಿ ಕೇಳಿಸಿಕೊಂಡಿದ್ದೇನೆ?

ಅವಳು ನೋಟ್‌ಬುಕ್ಕು ತೆಗೆದಳು. ಏನೋ ಬರೆದು, ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ, ಬಟ್ಟೆ ಸುತ್ತಿದ ಬೆರಳಿನಿಂದ ಅವನು ಕದ್ದು ನೋಟ್‌ಬುಕ್ಕು ತೆರೆದ. “ಸಂದು ಮುಚ್ಚಿದವರು: ನನ್ನ ಗಂಡ. ತೆರೆದವರು: ನನ್ನ ಗಂಡ.”

ಅಂತೂ ಅವನಿಗೆ ಅಲ್ಲಿ ಜಾಗ ಸಿಕ್ಕಿತ್ತು. ಮೊದಲ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದ. ಆಮೇಲೆ ಇದ್ದ ಕಡೆಯೇ ಇಟ್ಟ. ಅದು ಅವಳ ಪುಸ್ತಕ.